ಕೆಂಚಿಯ ಸ್ಕ್ಯಾನು

ಕೆ.ಆರ್. ಪೇಟೆಯ ಆ ನಾಯಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆ ಅಂದರೆ ರಂಜಿತಳ ರಾಜ್ಯ. ಆಸ್ಪತ್ರೆಯ ಯಜಮಾನರು ಡಾಕ್ಟರ್ ನಾಗಾರ್ಜುನ, ನಿಜ. ಪರದೆ ನೋಡಿ ಮೂಳೆ ಎಲ್ಲಿ ಮುರಿದಿದೆ, ಹೊಟ್ಟೆಯಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಹೇಳುವವರೂ ಅವರೇ. ಆದರೆ ಆ ಕೋಣೆಯ ಬಾಗಿಲು ದಾಟಿದರೆ ಅವರೂ ಅವಳ ಮಾತು ಕೇಳಬೇಕು. ಪಶುಸಂಗೋಪನೆಯ ಡಿಪ್ಲೊಮಾ ಮುಗಿಸಿ ನರ್ಸಾಗಿ ಸೇರಿದ ಹೊಸದರಲ್ಲೇ ಅವಳು ಒಂದು ಕಾಯಿದೆ ಮಾಡಿದ್ದಳು. ಗುಂಡಿ ಒತ್ತುವಾಗ ಒಳಗೆ ಒಂದು ನರಪಿಳ್ಳೆಯೂ ಇರಕೂಡದು. ಪ್ರಾಣಿಗೆ ಮಂಪರು ಬರುವ ಸೂಜಿ ಕೊಡಿ, ಕಾಲ ಮೇಲೆ ಮರಳಿನ ಚೀಲ ಇಡಿ, ಎಲ್ಲರೂ ಆಚೆ ನಡೆಯಿರಿ. ಶಾಸಕರ ಕಡೆಯವನೊಬ್ಬ ತನ್ನ ಲ್ಯಾಬ್ರಡಾರನ್ನು ತಬ್ಬಿಕೊಂಡು ಕೂತಾಗಲೂ ಅವಳು ಅವನನ್ನು ಎಬ್ಬಿಸಿ ಕಳಿಸಿದ್ದಳು.

ಅವತ್ತು ಮಧ್ಯಾಹ್ನ ಜಗಳ ತೆಗೆದಿದ್ದವನು ದೇವಲಾಪುರದ ದೇವಯ್ಯ. ಬೈಕಿಗೆ ಸಿಕ್ಕಿ ಕಾಲು ಮುರಿದುಕೊಂಡಿದ್ದ ಮೇಕೆಯನ್ನು ಅಷ್ಟು ದೂರದಿಂದ ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ.

"ನನ್ ಮೇಕೆ ಕಣವ್ವ. ಬ್ಯಾರೆಯೋರು ಮುಟ್ಟುದ್ರೆ ಬೆದರ್ಕತದೆ. ನಾನೇ ಇಡ್ಕತೀನಿ."

"ನೀವು ಇಡ್ಕಂಡ್ರೆ ಮೇಕೆ ಕಾಲ್ ಜೊತೇಲಿ ನಿಮ್ ಕೈ ಮೂಳೆನೂ ಫೋಟಕ್ಕೆ ಬತ್ತದೆ. ನಡೀರಿ ಆಚೆ."

"ಬಂದ್ರೆ ಬರ್ಲಿ ಬುಡವ್ವ. ಒಂದೇ ಖರ್ಚಲ್ಲಿ ಎರಡೂ ಆಯ್ತದೆ."

"ನಡೀರಿ ಅಂದ್ನಲ್ಲ!"

ದೇವಯ್ಯ ನಡೆದ. 'ಇದೇನು ಎಣ್ಣೋ, ಪೊಲೀಸ್ ಇನ್ಸ್‌ಪೆಕ್ಟ್ರೋ' ಎಂದು ಬಾಗಿಲ ಆಚೆ ಗೊಣಗಿದ್ದು ಅವಳಿಗೂ ಕೇಳಿಸಿತು. ಕೇಳಿಸಲಿ ಎಂದೇ ಗೊಣಗಿದ್ದ. ಎಕ್ಸ್‌ರೇ ಚೆನ್ನಾಗಿ ಬಂತು. ಡಾಕ್ಟರು ನೋಡಿ, ಪಟ್ಟಿ ಹಾಕಬೇಕು, ಊಟ ಮಾಡಿ ಬರ್ತೀನಿ, ಎಂದು ಮನೆಗೆ ಹೋದರು. ದೇವಯ್ಯ ಮೇಕೆಯ ಪಕ್ಕ ವರಾಂಡದ ಬೆಂಚಿನ ಮೇಲೆ ಕೂತ. ಆ ಕಡೆ ಒಬ್ಬ ಹೆಂಗಸು ಕೆಮ್ಮುವ ಪಮೇರಿಯನ್ ನಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು.

ಅಷ್ಟು ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ರಂಜಿತ ನೋಡಿದರೆ ಇಳಿದವಳು ಅವಳವ್ವ ಪುಟ್ಟತಾಯಮ್ಮ. ಹಿಂದೆ ಅತ್ತಿಗೆ ಪವಿತ್ರ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಮನೆಯ ನಾಯಿ ಕೆಂಚಿ. ಅಣ್ಣ ಶಿವಶಂಕರ್ ಆಟೋದಲ್ಲೇ ಕೂತು ಮೊಬೈಲಿಗೆ ಮುಖ ಹೂತಿದ್ದ. ಬೆಳಿಗ್ಗೆ ಕಿಕ್ಕೇರಿ ಹತ್ತಿರದ ಅದೇ ಊರಿನಿಂದ, ಅದೇ ಮನೆಯಿಂದ ಬಸ್ಸು ಹತ್ತಿ ಕೆಲಸಕ್ಕೆ ಬಂದಿದ್ದಳು ರಂಜಿತ. ಆಗ ಯಾರೂ ತುಟಿ ಬಿಚ್ಚಿರಲಿಲ್ಲ.

"ಕೆಂಚಿ ಬಸುರಿ ಅಲ್ವಾ, ಸ್ಕ್ಯಾನು ಮಾಡ್ಸವಾ ಅಂತ ಬಂದೊ," ಎಂದಳು ಪುಟ್ಟತಾಯಮ್ಮ, ಬೆಂಚಿನವರಿಗೆಲ್ಲ ಕೇಳುವಂತೆ.

ಕೆಂಚಿಗೆ ಸ್ಕ್ಯಾನು! ರಂಜಿತಳಿಗೆ ನಗು ಬಂತು. ಈ ಕೆಂಚಿ ಮರಿಯಾಗಿದ್ದಾಗ, ಹೆಣ್ಣು ಮರಿ ಯಾರಿಗೆ ಬೇಕು ಎಂದು ಇದೇ ಪುಟ್ಟತಾಯಮ್ಮ ಗೋಣಿಚೀಲದಲ್ಲಿ ಹಾಕಿ ನಾಲೆಯ ಆಚೆ ಬಿಟ್ಟು ಬಂದಿದ್ದಳು. ಊರಲ್ಲಿ ಎಲ್ಲರೂ ಮಾಡುವುದೇ ಅದು. ಕೂಡಹುಟ್ಟಿದವು ಏನಾದವೋ, ಕೆಂಚಿ ಮಾತ್ರ ಕುಂಯ್ಗುಟ್ಟುತ್ತ ವಾಪಸ್ಸು ಬಂದು ಹೊಸ್ತಿಲ ಮೇಲೆ ಮಲಗಿತ್ತು. 'ಬಂದ್ಬುಡ್ತಲ್ಲ ಮುಂಡೇದು, ಬಿದ್ದಿರ್ಲಿ ಬುಡು' ಎಂದ ಪುಟ್ಟತಾಯಮ್ಮನೇ ಈಗ ದಿನಾ ತನ್ನ ತಟ್ಟೆಯ ಕೊನೇ ತುತ್ತು ಮುದ್ದೆಯನ್ನು ಅದಕ್ಕೆ ಇಡುವವಳು. ಆದರೂ ಆಟೋ ಮಾಡಿಕೊಂಡು ಸ್ಕ್ಯಾನಿಗೆ ತರುವಷ್ಟು ಮುದ್ದು ಎಲ್ಲಿಂದ ಬಂತು?

ಸ್ಕ್ಯಾನಿನ ಕೋಣೆಗೆ ಕರೆದುಕೊಂಡು ಹೋಗಿ ಕೆಂಚಿಯನ್ನು ಮೇಜಿನ ಮೇಲೆ ಮಲಗಿಸಿದಳು. ಹೊಟ್ಟೆಯ ಕೂದಲು ತೆಗೆಯಲು ಮೆಷಿನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅವ್ವ ಬಾಗಿಲು ಒರಗಿಸಿದಳು.

"ನಾಯಿ ಅಂಗಿರ್ಲಿ ಬುಡು. ನಿಮ್ಮತ್ತಿಗೇನ ವಸಿ ನೋಡ್ಬುಡು."

"ಅತ್ತಿಗೆಗೇನಾಯ್ತು?"

"ನಾಕ್ ತಿಂಗ್ಳಲ್ವೇನೆ ಈಗ. ಒಂದ್ಸಲ ನೋಡ್ಸದು ಅಂತ ಮಾಡಿವಿ."

ಈ 'ನೋಡ್ಸದು' ಅನ್ನುವ ಮಾತಿದೆಯಲ್ಲ, ಅದಕ್ಕೆ ಬೆಂಕಿ ಬೀಳಲಿ. ನಮ್ಮ ಕಡೆ ಆ ಕೆಲಸಕ್ಕೆ ಯಾರೂ ನೇರವಾದ ಹೆಸರು ಇಟ್ಟಿಲ್ಲ. ನೋಡಿಸೋದು, ಆಮೇಲೆ ತೆಗೆಸೋದು. ಹಲ್ಲು ನೋಡಿಸಿ ತೆಗೆಸಿದ ಹಾಗೆ ಮಾತಾಡುತ್ತಾರೆ. ಹೆಣ್ಣೆಂದರೆ ಹೊಟ್ಟೆಯಲ್ಲೇ ಮುಗಿಸುತ್ತೇವೆ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ, ಮಾಡಲು ಮಾತ್ರ ನಾಚಿಕೆಯಿಲ್ಲ.

ರಂಜಿತಳ ಕೈಯಲ್ಲಿದ್ದ ಮೆಷಿನ್ನು ಹಾಗೇ ನಿಂತಿತು. "ಅವ್ವ, ಇದು ನಾಯಿ ಆಸ್ಪತ್ರೆ."

"ನಂಗೊತ್ತಿಲ್ವಾ? ದೊಡ್ಡಾಸ್ಪತ್ರೇಲೆಲ್ಲ ಬೋರ್ಡ್ ಹಾಕ್ಬುಟ್ಟವ್ರೆ, ಯೋಳಕಿಲ್ಲ ಅಂತ. ಇಲ್ಲಿ ಯಾವ ಬೋರ್ಡದೆ? ಓದ್ವರ್ಸ ಕೆಂಚಿಗೆ ನಾಕು ಮರಿ ಅಂದೆ, ನಾಕೇ ಈಯ್ತು. ನಾಯಿ ಹೊಟ್ಟೇದು ಕಾಣದು, ಮನುಸ್ರುದು ಕಾಣಕಿಲ್ವಾ?"

ನೋಡಿ, ಎಂಥಾ ಲೆಕ್ಕಾಚಾರ. ಹೋದ ವರ್ಷ ಮರಿಗಳ ಎಲುಬು ಬಲಿತ ಮೇಲೆ ಎಕ್ಸ್‌ರೇ ತೆಗೆದು ಡಾಕ್ಟರು ತಲೆ ಎಣಿಸಿದ್ದರು. ಈ ಸ್ಕ್ಯಾನು ಅನ್ನುವುದೇ ಬೇರೆ. ಇದರಲ್ಲಿ ಮರಿಗಳ ಎದೆ ಬಡಿತ ಕಾಣುತ್ತದೆ, ಎಣಿಕೆ ಎಷ್ಟೋ ಸಲ ತಪ್ಪುತ್ತದೆ. ಗಂಡೋ ಹೆಣ್ಣೋ ಎಂದು ನಾಯಿಯ ಹೊಟ್ಟೆಯಲ್ಲಿ ಯಾರೂ ನೋಡುವುದಿಲ್ಲ. ಕೂದಲು ತೆಗೆಯುವುದು, ಜೆಲ್ಲು ಹಚ್ಚುವುದು, ನಾಯಿ ಮಿಸುಕದ ಹಾಗೆ ಸಮಾಧಾನ ಮಾಡುತ್ತ ಹಿಡಿಯುವುದು ರಂಜಿತಳ ಕೆಲಸ. ಮನುಷ್ಯರ ಕೂಸು ಆ ಪರದೆಯಲ್ಲಿ ಹೇಗೆ ಕಾಣುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಅದನ್ನೇ ಹೇಳಿದಳು.

"ಗೊತ್ತಾಗದೇ ಇದ್ರೆ ಸಂಬ್ಳ ಯಾಕ್ ಕೊಡ್ತಾರೆ ನಿಂಗೆ? ಸುಮ್ಕೆ ಸುಳ್ ಯೋಳ್ಬೇಡ."

"ಗೊತ್ತಿದ್ರೂ ನೋಡಕಿಲ್ಲ ಕಣವ್ವ. ಇದು ಜೈಲಿಗೋಗೋ ಕೆಲ್ಸ. ಮಾಡ್ದೋರಿಗೂ ಜೈಲೇ, ಮಾಡ್ಸಿದೋರಿಗೂ ಜೈಲೇ."

ಪುಟ್ಟತಾಯಮ್ಮ ಮೊದಲು ಬೈದಳು. ಓದಿಸಿದ್ದೇ ತಪ್ಪಾಯಿತು ಅಂದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಆ ಅಳು ನಾಟಕವಲ್ಲ ಎಂದು ರಂಜಿತಳಿಗೆ ಗೊತ್ತಿತ್ತು, ಸಂಕಟವಾಗಿದ್ದೂ ಅದಕ್ಕೇ.

"ನಿಂಗೇನ್ ಗೊತ್ತೆ ನನ್ ಸಂಕ್ಟ. ಗಂಡ್ ಎತ್ಕೊಡ್ನಿಲ್ಲ ಅಂತ ಶಿವು ಉಟ್ಟೋಗಂಟ ನಿಮ್ಮಜ್ಜಿ ನಂಗೆ ಒಂದೊತ್ತು ಎಸ್ರು ನೆಟ್ಟಗೆ ಬಡಿಸ್ನಿಲ್ಲ. ಸ್ನೇಹ ಉಟ್ಟಾಗಿಂದ ನಿಮ್ಮಪ್ಪ ಇವಳ್ ಮಕ ನೋಡಿ ಮಾತಾಡಿಲ್ಲ. ಇನ್ನೊಂದೂ ಎಣ್ಣಾದ್ರೆ ಇವಳ್ ಗತಿ ಏನು? ನಾ ಪಟ್ಟುದ್ದ ಇವ್ಳೂ ಪಡ್ಬೇಕಾ? ಅದ್ಕೇ ಕಣೆ ನಾ ಬಂದಿದ್ದು. ನೀ ನೋಡ್ದಿದ್ರೆ ಶಿವು ಇನ್ನೆಲ್ಲೋ ಮಾತಾಡವ್ನೆ. ಯಾವ್ದೋ ತ್ವಾಟದ್ ಮನೇಲಂತೆ, ಸ್ಕ್ಯಾನಿನ್ ಪೆಟ್ಗೆ ತಕಬಂದು ಅಲ್ಲೇ ನೋಡಿ, ಅಲ್ಲೇ ತೆಗಿತಾರಂತೆ. ನಾಳಿದ್ದೇ ಕರ್ಕಂಡೋಯ್ತಾನೆ."

ರಂಜಿತ ಅತ್ತಿಗೆಯ ಮುಖ ನೋಡಿದಳು. ಪವಿತ್ರ ಕೆಂಚಿಯ ಕಿವಿ ಸವರುತ್ತ ನಿಂತಿದ್ದಳು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಸ್ನೇಹ ಅವಳ ಐದು ವರ್ಷದ ಮಗಳು, ಅತ್ತೆ ಅತ್ತೆ ಎಂದು ರಂಜಿತಳ ಬೆನ್ನಿಗೆ ಜೋತುಬೀಳುವ ಕೂಸು. ತೋಟದ ಮನೆಯಲ್ಲಿ ಮಲಗಿಸಿದ ಎಷ್ಟು ಜನ ಎದ್ದು ಬಂದಿಲ್ಲ ಎಂದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ನೋಡುವುದಿಲ್ಲ ಎಂದು ತಾನು ಕೈಕಟ್ಟಿ ನಿಂತರೆ ಅಷ್ಟಕ್ಕೆ ಮುಗಿಯುವುದಿಲ್ಲ.

"ಸರಿ," ಅಂದಳು. "ಎಕ್ಸ್‌ರೇ ಕೋಣೇಗೆ ಬಾ ಅತ್ತಿಗೆ. ಅವ್ವ, ನೀ ಆಚೆ ಇರು."

"ನಾನ್ಯಾಕೆ ಆಚೆ?"

"ಅಲ್ಲಿ ಯಾರ್ನೂ ಬುಡಕಿಲ್ಲ. ದೇವರಾಣೆಗೂ ಬುಡಕಿಲ್ಲ."

ಬಾಗಿಲು ಹಾಕಿ ಚಿಲಕ ಇಟ್ಟಳು. ಮೆಷಿನ್ನಿನ ಸ್ವಿಚ್ಚು ಹಾಕಲಿಲ್ಲ, ಗೋಡೆಯ ಪ್ಲಗ್ಗನ್ನೇ ಕಿತ್ತಿಟ್ಟಳು. ಬಸುರಿ ಹೆಂಗಸು ಒಳಗಿದ್ದಾಗ ಅದು ಉಸಿರಾಡುವುದೂ ಅವಳಿಗೆ ಬೇಕಿರಲಿಲ್ಲ. ಇಡೀ ಆಸ್ಪತ್ರೆಯಲ್ಲಿ ಅವ್ವನ ಕಿವಿ ಬೀಳದ ಜಾಗ ಅದೊಂದೇ, ಅದಕ್ಕೇ ಅಲ್ಲಿಗೆ ಕರೆದಿದ್ದಳು.

ಪವಿತ್ರ ಅವಳ ಎರಡೂ ಕೈ ಹಿಡಿದುಕೊಂಡಳು. "ರಂಜಿತ, ಗಂಡು ಅಂದ್ಬುಡು. ನಿನ್ ಕಾಲ್ಗೆ ಬೀಳ್ತೀನಿ. ನೋಡ್ದೆ, ಗಂಡು, ಅಂತ ಒಂದ್ ಮಾತು. ಎಲ್ಲಾ ನಿಂತೋಯ್ತದೆ."

ಒಂದು ಮಾತು. ನಿಜಕ್ಕೂ ಎಷ್ಟು ಸುಲಭ! ಮನೆಯಲ್ಲಿ ಹಬ್ಬವಾಗುತ್ತದೆ, ಅತ್ತಿಗೆಗೆ ತುಪ್ಪ ಬಡಿಸುತ್ತಾರೆ, ಅಪ್ಪ ಚಿಕ್ಕಸ್ವಾಮಿ ಮೀಸೆ ತೀಡಿಕೊಂಡು ಅರಳೀಕಟ್ಟೆಗೆ ಹೋಗುತ್ತಾನೆ. ರಂಜಿತಳ ನಾಲಿಗೆಯ ತುದಿಗೂ ಬಂತು ಆ ಮಾತು.

"ಅಂದ್ಬುಡ್ತೀನಿ. ಎಣ್ಣು ಉಟ್ಟುದ್ರೆ?"

"ಆಗ ನೋಡ್ಕಳನ."

"ಆಗ ನಿನ್ ಬುಡ್ತಾರಾ? ಕೂಸ್ನ ಬುಡ್ತಾರಾ? ಅದೂ ಓಗ್ಲಿ. ನಾನು ಸರ್ಯಾಗ್ ನೋಡ್ತೀನಿ ಅಂತ ಊರಿಗೆಲ್ಲ ಗೊತ್ತಾಯ್ತದೆ. ನಾಳೆಯಿಂದ ಒಬ್ಬೊಬ್ರೂ ಒಂದೊಂದ್ ನಾಯಿ ಇಡ್ಕಂಡು, ಹಿಂದ್ಗಡೆ ಸೊಸೇನ ನಿಲ್ಲುಸ್ಕಂಡು ಬತ್ತಾರೆ. ಎಲ್ರಿಗೂ ಗಂಡು ಅನ್ನನಾ?"

ಪವಿತ್ರ ಅವಳ ಕೈ ಬಿಟ್ಟಳು.

"ಯಾರ್ ಏನಾರ ಅನ್ಲಿ ಅತ್ತಿಗೆ. ನಿಂಗೇನ್ ಬೇಕು? ನಿನ್ ಬಾಯಲ್ಲಿ ಯೋಳು."

ಆ ಮನೆಗೆ ಬಂದಾಗಿನಿಂದ ಯಾರೂ ಕೇಳದ ಪ್ರಶ್ನೆ ಅದು. ಪವಿತ್ರ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ನಂಗೆ ನನ್ ಕೂಸು ಬೇಕು," ಅಂದಳು. "ಯಾವ್ದಾದ್ರೂ ಸರಿ. ನಂಗೆ ಬೇಕು."

"ಹಂಗಾದ್ರೆ ಆಚೆ ಓಗಿ ಎಲ್ರ ಮುಂದೂ ಜೋರಾಗಿ ಯೋಳ್ಬುಡ್ತೀನಿ. ಇವ್ರು ಯಾತಕ್ ಬಂದ್ರು ಅಂತ. ಇದು ಗುಟ್ಟಲ್ಲಿ ಇರೋಗಂಟ ಮಾಡ್ತಾರೆ. ಬೀದಿಗ್ ಬಂದ್ಮೇಲೆ ನಿನ್ ಮೇಲೆ ಕೈ ಇಕ್ಕೋ ಧೈರ್ಯ ಯಾವನ್ಗೂ ಬರಕಿಲ್ಲ. ಆದ್ರೆ ಮರ್ವಾದೆ ನಿಂದೂ ಓಯ್ತದೆ, ನಂದೂ ಓಯ್ತದೆ. ಯೋಳ್ಲಾ, ಬ್ಯಾಡ್ವಾ?"

ಪವಿತ್ರ ಸೆರಗಿನಿಂದ ಮುಖ ಒರೆಸಿಕೊಂಡಳು. ಮೂಗು ಸೀಟಿಕೊಂಡಳು. ಆಮೇಲೆ ತಾನೇ ಹೋಗಿ ಚಿಲಕ ತೆಗೆದಳು.

ಬಾಗಿಲಲ್ಲೇ ನಿಂತಿದ್ದ ಪುಟ್ಟತಾಯಮ್ಮ ಕಣ್ಣಲ್ಲೇ ಕೇಳಿದಳು. ರಂಜಿತ ಅವಳನ್ನು ದಾಟಿ ವರಾಂಡಕ್ಕೆ ಬಂದಳು. ಅತ್ತಿಗೆ ಬೆನ್ನ ಹಿಂದೆಯೇ ಬಂದು ನಿಂತಳು.

"ಎಲ್ರೂ ಕೇಳ್ರಪ್ಪ ಇಲ್ಲಿ!" ಎಂದು ಕೂಗಿದಳು ರಂಜಿತ. ನಾಯಿ ಬೊಗಳುವ ಜಾಗದಲ್ಲಿ ಕೆಲಸ ಮಾಡಿ ಮಾಡಿ ಅವಳ ಗಂಟಲು ಮೊದಲೇ ದೊಡ್ಡದು. "ಇವ್ರು ನಮ್ಮವ್ವ. ಇವ್ರು ನಮ್ಮತ್ತಿಗೆ ಪವಿತ್ರ. ನಾಯಿಗೆ ಸ್ಕ್ಯಾನು ಅಂತ ನೆಪ ಮಾಡ್ಕಂಡು, ಅತ್ತಿಗೆ ಹೊಟ್ಟೇಲಿರೋದು ಎಣ್ಣೋ ಗಂಡೋ ನೋಡು ಅಂತ ಕರ್ಕಬಂದವ್ರೆ. ಎಣ್ಣಾದ್ರೆ ತೆಗ್ಸಕ್ಕೆ! ನಾ ನೋಡಕಿಲ್ಲ ಅಂದೀನಿ. ನಾಳಿದ್ದು ಬ್ಯಾರೆ ಎಲ್ಲೋ ಕರ್ಕಂಡೋಯ್ತಾರಂತೆ. ನೀವೆಲ್ಲ ಸಾಕ್ಷಿ. ನಮ್ಮತ್ತಿಗೆಗೆ, ಅವಳ ಹೊಟ್ಟೇಲಿರೋ ಕೂಸ್ಗೆ ಏನಾರ ಆದ್ರೆ ನಾನೇ ಸ್ಟೇಷನ್‌ಗೋಗಿ ನಮ್ಮಣ್ಣನ್ ಹೆಸ್ರು, ನಮ್ಮಪ್ಪನ್ ಹೆಸ್ರು ಬರುಸ್ತೀನಿ!"

ಪಮೇರಿಯನ್ ಹೆಂಗಸು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಪಕ್ಕದ ಗೊಬ್ಬರದ ಅಂಗಡಿಯವನು ತಕ್ಕಡಿ ಬಿಟ್ಟು ಗೇಟಿಗೆ ಬಂದ. ಪುಟ್ಟತಾಯಮ್ಮ ಗೋಡೆಗೆ ಒರಗಿ, ಅಯ್ಯಯ್ಯೋ ಅಯ್ಯಯ್ಯೋ ಎನ್ನುತ್ತ ಮುಖ ಮುಚ್ಚಿಕೊಂಡಳು. ಆಟೋದಿಂದ ಶಿವಶಂಕರ್ ಒಂದೇ ನೆಗೆತಕ್ಕೆ ಒಳಗೆ ಬಂದ.

"ಏಯ್ ರಂಜಿ! ಮರ್ವಾದೆ ತೆಗಿತೀಯೇನೆ? ಮುಚ್ಚೆ ಬಾಯಿ!"

"ಮುಚ್ಚಕಿಲ್ಲ ಕಣೋ! ಆಟೋದಲ್ಲಿ ಬಚ್ಚಿಟ್ಕಂಡು ಅವ್ವನ ಮುಂದಕ್ ಬುಟ್ಟಿದ್ಯಲ್ಲ, ನಿಂದೆಂಥಾ ಮರ್ವಾದೆ? ಬೇಕಾದ್ರೆ ಇಲ್ಲೇ, ಇವ್ರೆಲ್ಲರ ಮುಂದೆ ಕೇಳು ನಿನ್ನೆಂಡ್ತೀನ, ಅವಳ್ಗೇನ್ ಬೇಕು ಅಂತ!"

ಅವನು ಕೈ ಎತ್ತಿದ. ಬೆಂಚಿನಿಂದ ದೇವಯ್ಯ ಎದ್ದ. ಪವಿತ್ರಳ ಮುಖವನ್ನೇ ದಿಟ್ಟಿಸಿ ನೋಡುತ್ತ ಹತ್ತಿರ ಬಂದ.

"ಲೋ ತಡಿಯಪ್ಪ. ಇದು ನಮ್ಮೂರ್ ತಮ್ಮಯ್ಯನ್ ಮಗ್ಳಲ್ವಾ? ಔದೇನವ್ವ?"

ಪವಿತ್ರ ಹೌದೆಂದು ತಲೆಯಾಡಿಸಿದಳು. "ಔದು ಮಾವ," ಎಂದಳು, ಈ ಸಲ ಎಲ್ಲರಿಗೂ ಕೇಳುವಂತೆ. "ನಮ್ಮಪ್ಪನ್ಗೆ ಯೋಳಿ. ನಂಗೆ ಕೂಸು ಬೇಕು ಅಂತ ಯೋಳಿ."

ದೇವಯ್ಯ ಅಲ್ಲೇ ನಿಂತು ಫೋನು ತೆಗೆದ. ಶಿವಶಂಕರ್ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡ. ಊಟ ಮುಗಿಸಿ ಬಂದ ಡಾಕ್ಟರಿಗೆ ಗೇಟಿನಲ್ಲೇ ಜನ ಅಡ್ಡ ಸಿಕ್ಕರು. ವಿಷಯ ತಿಳಿದು ಅವರ ಮುಖ ಬಿಳಿಚಿಕೊಂಡಿತು. "ರಂಜಿತ, ಇದನ್ನ ಒಳಗೇ ಮಾತಾಡಬಹುದಿತ್ತಲ್ಲ? ನಮ್ಮ ಮೆಷಿನ್ ಮೇಲೆ ಮಾತು ಬರುತ್ತಲ್ಲಮ್ಮ!" ಎಂದರು.

"ಬರ್ಲಿ ಸಾರ್. ಒಳಗೇ ಮಾತಾಡಿ ಮಾತಾಡಿ ತಾನೇ ಇಲ್ಲಿಗಂಟ ಬಂದಿರೋದು."

ಡಾಕ್ಟರು ಒಳಗೆ ಹೋಗಿ ಮೇಕೆಯ ಕಾಲಿಗೆ ಪಟ್ಟಿ ಹಾಕಲು ಬಟ್ಟೆ ನೆನೆಸಿದರು. ಅವ್ವ, ಅಣ್ಣ ಆಟೋ ಹತ್ತಿದರು. ಪವಿತ್ರ ಹತ್ತಲಿಲ್ಲ. ಕೆಂಚಿಯನ್ನು ಗಡಿಬಿಡಿಯಲ್ಲಿ ಇಬ್ಬರೂ ಮರೆತು ಹೋದರು. ಸಂಜೆಗೆ ತಮ್ಮಯ್ಯ ಅಳಿಯನ ಮನೆಯಿಂದ ಸ್ನೇಹಳನ್ನೂ ಕರೆದುಕೊಂಡು ಬಂದು, ಮಗಳ ತಲೆ ನೇವರಿಸಿ, ದೇವಲಾಪುರಕ್ಕೆ ಕರೆದೊಯ್ದ. ಅವಳು ಹೋದ ಮೇಲೆ ರಂಜಿತ ಪ್ಲಗ್ಗು ಕಿತ್ತಿಟ್ಟಿದ್ದ ಆ ಕೋಣೆಯಲ್ಲಿ ಕೂತು ಗೋಳೋ ಎಂದು ಅತ್ತಳು. ಅವಳೇನು ಕಲ್ಲಲ್ಲ. ರಾತ್ರಿ ಊರಿಗೆ ಹೋಗದೆ ಕೆಂಚಿಯ ಜೊತೆ ಆಸ್ಪತ್ರೆಯಲ್ಲೇ ಮಲಗಿದಳು.

ಮಾರನೇ ದಿನ ಕಿಕ್ಕೇರಿ ಬಸ್ಸಿನ ಕಂಡಕ್ಟರು ಆಸ್ಪತ್ರೆಗೆ ಒಂದು ಚೀಲ ತಂದುಕೊಟ್ಟ. ಅದರಲ್ಲಿ ಅವಳ ಬಟ್ಟೆಗಳಿದ್ದವು. ಹೊಸ್ತಿಲು ತುಳಿಯಬೇಡ ಎಂದು ಚಿಕ್ಕಸ್ವಾಮಿ ಹೇಳಿ ಕಳಿಸಿದ್ದ. ಸರಿ ಬಿಡು, ತುಳಿಯುವುದಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ರೂಮು ಹಿಡಿದಳು, ಜೊತೆಗೆ ಕೆಂಚಿ. ಚೀಲದ ತಳದಲ್ಲಿ ಒಂದು ಡಬ್ಬಿ ಹುರುಳಿಕಾಳಿನ ಚಟ್ನಿಪುಡಿ ಸಿಕ್ಕಿತು. ಅದನ್ನು ಇಟ್ಟವರು ಯಾರೆಂದು ಅವಳಿಗೆ ಗೊತ್ತು. ಅದಕ್ಕಾಗಿ ಅವಳು ಮೆತ್ತಗಾಗಲಿಲ್ಲ. ಚಟ್ನಿಪುಡಿಯನ್ನು ಮಾತ್ರ ತಿಂದಳು.

ಕೆಂಚಿ ರೂಮಿನಲ್ಲೇ ಈಯಿತು. ಮರಿ ಕೇಳಿಕೊಂಡು ಬಂದವರಲ್ಲಿ, ಗಂಡು ಮರಿಯೇ ಬೇಕು ಎಂದವರಿಗೆ ರಂಜಿತ ಒಂದನ್ನೂ ಕೊಡಲಿಲ್ಲ. ಯಾವುದಾದರೂ ಸರಿ ಎಂದವರಿಗೆ ಲಸಿಕೆ ಹಾಕಿಸಿ ಕೊಟ್ಟಳು. ಸ್ಕ್ಯಾನಿನ ಕೋಣೆಗೆ ಒಂದು ಬೋರ್ಡು ಬೇಕು ಎಂದು ಡಾಕ್ಟರನ್ನು ಪೀಡಿಸಿದಳು. ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಎಂದು ನಾಯಿ ಆಸ್ಪತ್ರೆಯಲ್ಲಿ ಬರೆಸಿದರೆ ಜನ ನಗುತ್ತಾರೆ ಎಂದರು ಅವರು. ನಗಲಿ ಸಾರ್, ಅಂದಳು. ಕೊನೆಗೆ ಅವರೇ ಬರೆಸಿ ತಂದರು. ಜನ ನಕ್ಕರು. ಕೆಲವರು ಓದಿ, ನಗದೆ, ಬಂದ ದಾರಿಯಲ್ಲೇ ವಾಪಸ್ಸು ಹೋದರು.

ಒಂದು ಬೆಳಿಗ್ಗೆ ಅವಳು ಬೆಕ್ಕೊಂದನ್ನು ಎಕ್ಸ್‌ರೇ ಮೇಜಿನ ಮೇಲೆ ಮಲಗಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ಅವ್ವ. ಅಷ್ಟು ತಿಂಗಳಲ್ಲಿ ಮೊದಲ ಸಲ.

"ರಂಜಿ... ನಾಗಮಂಗ್ಲದ್ ಆಸ್ಪತ್ರೇಲಿವ್ನಿ ಕಣೆ. ಎರ್ಗೆ ಆಯ್ತು."

"ಅತ್ತಿಗೆ ಎಂಗವ್ರೆ?"

"ಚೆನ್ನಾಗವ್ಳೆ. ಬಿಸ್ನೀರ್ ಕುಡುದ್ಲು ಈಗ."

"ಕೂಸು?"

"ಅದೂ ಚೆನ್ನಾಗದೆ. ಏನ್ ಗಂಟ್ಲೇ ಅದ್ರುದು! ಥೇಟ್ ನಿಂದೇ."

ಅವ್ವ ಕಾಯುತ್ತಿದ್ದಾಳೆ ಎಂದು ರಂಜಿತಳಿಗೆ ಗೊತ್ತಾಯಿತು. ಎಲ್ಲರೂ ಮೊದಲು ಕೇಳುವ ಪ್ರಶ್ನೆ ಅದು. ಅವಳು ಕೇಳಲಿಲ್ಲ.

"ಏನ್ ಕೂಸು ಅಂತ ಕೇಳಕಿಲ್ವೇನೆ?"

"ಇಲ್ಲ ಕಣವ್ವ. ಅವತ್ತೂ ನೋಡ್ನಿಲ್ಲ, ಇವತ್ತೂ ಕೇಳಕಿಲ್ಲ."

ಫೋನಿನ ಆ ಕಡೆ ಕೂಸು ಕಿಟಾರನೆ ಕಿರುಚಿತು. ಪುಟ್ಟತಾಯಮ್ಮ ಅದನ್ನು ಎತ್ತಿಕೊಂಡಳೆಂದು ಕಾಣುತ್ತದೆ, ಅಳು ಫೋನಿಗೆ ಹತ್ತಿರ ಬಂತು. ಅವಳು ಅದನ್ನು ಶ್ ಶ್ ಎಂದು ತೂಗುತ್ತಿದ್ದಳು. ತೂಗುತ್ತಲೇ ಹೇಳಿದಳು.

"ಹಂಗಾರೆ ನಾನೂ ಯೋಳಕಿಲ್ಲ ಬುಡು. ಬಂದು ಎತ್ಕ."

ರಂಜಿತ ಬೆಕ್ಕಿನ ಕಾಲ ಮೇಲೆ ಮರಳಿನ ಚೀಲ ಸರಿಮಾಡಿದಳು. ಕಣ್ಣು ಒರೆಸಿಕೊಂಡು, ಬಾಗಿಲಲ್ಲಿ ಇಣುಕುತ್ತಿದ್ದವರಿಗೆಲ್ಲ, ಎಲ್ಲರೂ ಆಚೆ, ಎಂದು ಜೋರಾಗಿ ಕೂಗಿದಳು.